ಹೆಸರು ಬರೆದದ್ದು ಸರಿ, ಸೇವ್ ಆಗಿದ್ದು ???????

ಆನ್‌ಲೈನ್ ಅರ್ಜಿಯಲ್ಲಿ 'ಮಂಜುನಾಥ' ಅಂತ ಟೈಪ್ ಮಾಡ್ತೀರಿ. ಸ್ವೀಕೃತಿಯಲ್ಲಿ ಬರೋದು ಏಳು ಪ್ರಶ್ನಾರ್ಥಕ ಚಿಹ್ನೆ. ಕೌಂಟರ್‌ನಲ್ಲಿ ಕೇಳಿದರೆ, 'ನೀವೇ ತಪ್ಪು ತುಂಬಿದ್ದೀರಿ, ಇಂಗ್ಲಿಷಲ್ಲಿ ಹಾಕಿ.'

ತಪ್ಪು ಯಾರದು ಅಂತ ನೀವೇ ಪತ್ತೆ ಮಾಡಬಹುದು. ಬ್ರೌಸರ್‌ನಲ್ಲಿ ಎಫ್12 ಒತ್ತಿ, ನೆಟ್‌ವರ್ಕ್ ಟ್ಯಾಬ್ ತೆರೆದು, ಆಮೇಲೆ ಫಾರ್ಮ್ ಸಲ್ಲಿಸಿ. ಕಳಿಸಿದ ಡೇಟಾ ಪೇಲೋಡ್‌ನಲ್ಲಿ ಕಾಣುತ್ತೆ. ಅಲ್ಲಿ ಹೆಸರು ಸರಿಯಿದ್ದರೆ ಕೆಟ್ಟಿರೋದು ಸರ್ವರ್ ಕಡೆ. ಸ್ಕ್ರೀನ್‌ಶಾಟ್ ಇಟ್ಕೊಳ್ಳಿ.

ನನ್ನ ಮೊದಲ ಅನುಮಾನ ಡೇಟಾಬೇಸ್ ಮೇಲೆ. (ಕಾಲೇಜಲ್ಲಿ ನಾನೇ ಬರೆದ ಫಾರ್ಮೂ ಹೀಗೇ ಮಾಡ್ತಿತ್ತು.) 2018ರಲ್ಲಿ 8.0 ಆವೃತ್ತಿ ಬರುವವರೆಗೆ ಮೈಎಸ್‌ಕ್ಯೂಎಲ್‌ನ ಡೀಫಾಲ್ಟ್ ಲ್ಯಾಟಿನ್1. ಅದರಲ್ಲಿ ಕನ್ನಡಕ್ಕೆ ಜಾಗವೇ ಇಲ್ಲ. ಹಳೇ ಟೇಬಲ್ ಹಾಗೇ ಉಳಿದು, ಸ್ಟ್ರಿಕ್ಟ್ ಮೋಡ್ ಕೂಡ ಆಫ್ ಇದ್ದರೆ, ಅದು ಪ್ರತಿ ಯೂನಿಕೋಡ್ ಸಂಕೇತದ ಬದಲು ಒಂದು ಪ್ರಶ್ನಾರ್ಥಕ ಬರೆದು ಸುಮ್ಮನಾಗುತ್ತೆ. 'ಮಂಜುನಾಥ'ದಲ್ಲಿ ಅಂಥ ಸಂಕೇತ 7: ನಾಲ್ಕು ಅಕ್ಷರ, ಒಂದು ಸೊನ್ನೆ, ಕೊಂಬು, ದೀರ್ಘ.

ಈಗ ಟೇಬಲನ್ನು ಯುಟಿಎಫ್8ಎಂಬಿ4ಗೆ ಬದಲಿಸಿದರೆ ಹೊಸ ಅರ್ಜಿಗಳು ಸರಿಹೋಗುತ್ತವೆ. ಅಳಿದುಹೋದ ಹೆಸರುಗಳು ವಾಪಸ್ ಬರಲ್ಲ. ಕೊನೆಯ ದಿನಾಂಕ ಮುಗಿದಿದ್ದರೆ 'ಮತ್ತೆ ಅರ್ಜಿ ಹಾಕಿ' ಅನ್ನೋದು ಅನ್ಯಾಯ. ಇಂಥ ದಾಖಲೆಗಳನ್ನು ಹುಡುಕೋಕೆ ಒಂದು ಕ್ವೆರಿ ಸಾಕು. ಅರ್ಜಿದಾರರಿಗೆ ಫೋನ್ ಮಾಡಿ, ಹೆಸರು ಕೇಳಿ ತುಂಬಬೇಕಾದವರು ಅಧಿಕಾರಿಗಳು.