ಉದ್ದ ಶಬ್ದ ಕಂಡ್ರೆ ಹೆದರ್ಬೇಡಿ, ತುಂಡು ಮಾಡಿ

ಮೊದಲೇ ಹೇಳಿಬಿಡ್ತೇವೆ, ನಾವು ಮೂವರೂ ಇಂಗ್ಲಿಷ್ ಮೀಡಿಯಂ. ಶಾಲೆಯಲ್ಲಿರುವಾಗ ಉದ್ದುದ್ದ ಇಂಗ್ಲಿಷ್ ಶಬ್ದ ಬಾಯಿಪಾಠ ಮಾಡಿ ಒಬ್ಬರಿಗೊಬ್ಬರು ಸವಾಲು ಹಾಕ್ತಿದ್ದೆವು. 'ನ್ಯುಮೋನೋಅಲ್ಟ್ರಾಮೈಕ್ರೋಸ್ಕೋಪಿಕ್‌ಸಿಲಿಕೋವಾಲ್ಕೆನೋಕೋನಿಯೋಸಿಸ್' ಎನ್ನುವ 45 ಅಕ್ಷರದ ಶಬ್ದ ಉಂಟಲ್ಲ, ಅದನ್ನು ಒಂದೇ ಉಸಿರಲ್ಲಿ ಹೇಳಿದವನೇ ಹೀರೋ. ಅರ್ಥ ಮಾತ್ರ ಯಾರಿಗೂ ಬೇಕಾಗಿರಲಿಲ್ಲ. ಬೇಕಾದದ್ದು ಕಳೆದ ರಜೆಯಲ್ಲಿ.

ನಾವು ಕಾಟಿಪಳ್ಳದವರು. ಪಣಂಬೂರಿನಲ್ಲಿ ಬಂದರು ಆಗುವಾಗ ಜಾಗ ಬಿಟ್ಟುಕೊಟ್ಟ ಎಷ್ಟೋ ಕುಟುಂಬಗಳು ಬಂದು ನೆಲೆಸಿದ ಊರು ಇದು. ಒಂದೇ ಬೀದಿಯಲ್ಲಿ ತುಳು, ಬ್ಯಾರಿ, ಕೊಂಕಣಿ, ಕನ್ನಡ ಎಲ್ಲ ಕೇಳಿಸ್ತದೆ. ಒಂದು ಸಂಜೆ ಜಗಲಿಯಲ್ಲಿ ಕೂತು ಮೊಬೈಲ್ ನೋಡ್ತಿದ್ದಾಗ ಪಕ್ಕದ ಮನೆಯ ಆಂಟಿ ಆಸ್ಪತ್ರೆಯ ಫೈಲ್ ಹಿಡ್ಕೊಂಡು ಬಂದ್ರು. "ಮುಲ್ಪ ದಾದ ಬರೆತೆರ್ ಮಗಾ?" ಅಂತ ಕೇಳಿದ್ರು. ಇಲ್ಲಿ ಏನು ಬರೆದಿದ್ದಾರೆ ಅಂತ.

ಬರೆದದ್ದು ಎರಡು ಶಬ್ದ. ಒಂದು 'ಕೋಲಿಲಿಥಿಯಾಸಿಸ್', 14 ಅಕ್ಷರ. ಇನ್ನೊಂದು 'ಕೋಲಿಸಿಸ್ಟೆಕ್ಟಮಿ', 15 ಅಕ್ಷರ. ನಾವು ಎಲ್ಲೂ ತಡವರಿಸದೆ ಓದಿದೆವು. "ಅಂದ್ರೆ ಎಂತ?" ಅಂದ್ರು. "ಅದೊಂದು ಆಪರೇಷನ್ ಆಂಟಿ" ಅಂದೆವು. ಅದು ಅವರಿಗೂ ಗೊತ್ತಿತ್ತು. ಅವರ ಹೆದರಿಕೆ ಬೇರೆ. ಶಬ್ದದ ಮಧ್ಯದಲ್ಲಿ 'ಸಿಸ್ಟ್' ಉಂಟು, ಸಿಸ್ಟ್ ಅಂದ್ರೆ ಗಡ್ಡೆ, ಗಡ್ಡೆ ಅಂದ್ರೆ ಕ್ಯಾನ್ಸರ್ ಅಂತ ಯಾರೋ ಹೇಳಿದ್ರಂತೆ. ಎರಡು ರಾತ್ರಿ ನಿದ್ದೆ ಮಾಡಿರಲಿಲ್ಲ. ಆಪರೇಷನ್‌ಗೆ ಹೋಗೋದೇ ಇಲ್ಲ ಅಂತ ಮನೆಯಲ್ಲಿ ಹಠ ಬೇರೆ. ಇಷ್ಟು ಇಂಗ್ಲಿಷ್ ಕಲಿತ ನಮಗೆ ಅವರಿಗೆ ಒಂದು ಮಾತು ಹೇಳಲಿಕ್ಕೆ ಆಗಲಿಲ್ಲ. ನಾಚಿಕೆ ಆಯ್ತು.

ಹಾಗಾಗಿ ಆ ರಾತ್ರಿ ಡಿಕ್ಷನರಿ ಇಟ್ಕೊಂಡು ಕೂತೆವು. ಇಂಥ ಶಬ್ದಗಳೆಲ್ಲ ರೈಲು ಇದ್ದ ಹಾಗೆ ಅಂತ ಗೊತ್ತಾಯ್ತು. ಬೋಗಿಗಳನ್ನು ಜೋಡಿಸಿ ಮಾಡಿದ್ದು, ಹೆಚ್ಚಿನ ಬೋಗಿಗಳು ಗ್ರೀಕ್ ಭಾಷೆಯವು. ಒಂದು ಬೋಗಿಯ ಗುರುತು ಸಿಕ್ಕಿದ್ರೆ ಬೇರೆ ರೈಲಿನಲ್ಲೂ ಅದನ್ನು ಹಿಡೀಬಹುದು.

ಕೋಲಿ ಅಂದ್ರೆ ಪಿತ್ತ. ಸಿಸ್ಟ್ ಅಂದ್ರೆ ಚೀಲ. ಎಕ್ಟಮಿ ಅಂದ್ರೆ ಕತ್ತರಿಸಿ ಹೊರಗೆ ತೆಗೆಯುವುದು. ಒಟ್ಟಿಗೆ ಸೇರಿಸಿದ್ರೆ ಪಿತ್ತದ ಚೀಲ ತೆಗೆಯುವ ಆಪರೇಷನ್. ಇಲ್ಲಿ ಸಿಸ್ಟ್ ಅಂದ್ರೆ ಗಡ್ಡೆ ಅಲ್ಲ, ಹುಟ್ಟಿನಿಂದಲೇ ಎಲ್ಲರ ಹೊಟ್ಟೆಯಲ್ಲೂ ಇರುವ ಚೀಲ. ಕನ್ನಡದಲ್ಲಿ ಅದಕ್ಕೆ ಪಿತ್ತಕೋಶ ಅಂತಾರೆ. ಪಿತ್ತವನ್ನು ಉಂಟುಮಾಡುವ ಲಿವರ್‌ಗೆ ಪಿತ್ತಜನಕಾಂಗ ಅಂತ ಹೆಸರು. ಇವೆರಡು ಬೇರೆ ಬೇರೆ ಅಂತ ನಮಗೂ ಗೊತ್ತಾದದ್ದು ಆವತ್ತೇ!

ಇನ್ನು ಮೊದಲನೇ ಶಬ್ದ. ಕೋಲಿ ಗೊತ್ತಾಯ್ತು, ಪಿತ್ತ. ಲಿಥ್ ಅಂದ್ರೆ ಕಲ್ಲು. ಕೊನೆಯ ಇಯಾಸಿಸ್ ಅಂದ್ರೆ ಆ ತೊಂದರೆ ಇರುವ ಸ್ಥಿತಿ. ಅಂದ್ರೆ ಪಿತ್ತಕೋಶದಲ್ಲಿ ಕಲ್ಲು.

ಈ ಎಲ್-ಐ-ಟಿ-ಎಚ್ ಎನ್ನುವ ನಾಲ್ಕು ಅಕ್ಷರ ಹಿಡ್ಕೊಂಡು ಹೊರಟ್ರೆ ಎಲ್ಲೆಲ್ಲಿಗೋ ಹೋಗ್ತದೆ. ಮಾನೋಲಿಥ್ ಅಂದ್ರೆ ಒಂದೇ ಕಲ್ಲು, ನಮ್ಮ ಕಾರ್ಕಳದ ಗೊಮ್ಮಟನ ಹಾಗೆ ಏಕಶಿಲೆ. ನಿಯೋಲಿಥಿಕ್ ಅಂದ್ರೆ ನವಶಿಲಾಯುಗ. ಲಿಥೋಟ್ರಿಪ್ಸಿ ಅಂದ್ರೆ ಕಿಡ್ನಿಯಂಥ ಕಡೆ ಇರುವ ಕಲ್ಲನ್ನು ಪುಡಿ ಮಾಡುವುದು. ನಮ್ಮ ಮೊಬೈಲ್ ಬ್ಯಾಟರಿಯ ಲಿಥಿಯಂ ಕೂಡ ಇದೇ ಕುಟುಂಬ. 1817ರಲ್ಲಿ ಸ್ವೀಡನ್ನಿನಲ್ಲಿ ಅದನ್ನು ಒಂದು ಖನಿಜದ ಕಲ್ಲಿನಲ್ಲಿ ಕಂಡುಹಿಡಿದದ್ದಕ್ಕೆ ಆ ಹೆಸರು.

ಎಲ್ಲಕ್ಕಿಂತ ಖುಷಿ ಕೊಟ್ಟದ್ದು ಲಿಥೋಗ್ರಾಫ್. ಲಿಥೋ ಅಂದ್ರೆ ಕಲ್ಲು, ಗ್ರಾಫ್ ಅಂದ್ರೆ ಬರೆದದ್ದು. ನಯವಾದ ಕಲ್ಲಿನ ಮೇಲೆ ಜಿಡ್ಡಿನ ಶಾಯಿಯಲ್ಲಿ ಬರೆದು, ಕಲ್ಲನ್ನು ಒದ್ದೆ ಮಾಡಿ, ಮೇಲಿಂದ ಶಾಯಿ ಸವರಿದ್ರೆ ಜಿಡ್ಡಿರುವ ಕಡೆ ಮಾತ್ರ ಅಂಟ್ತದೆ. ಅದರ ಮೇಲೆ ಕಾಗದ ಒತ್ತಿದ್ರೆ ಅಚ್ಚು. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' 1843ರ ಜುಲೈ 1ರಂದು ಹೊರಬಂದದ್ದು ಹೀಗೆಯೇ, ನಮ್ಮ ಮಂಗಳೂರಿನಲ್ಲೇ, ಬಾಸೆಲ್ ಮಿಶನ್ನಿನ ಹರ್ಮನ್ ಮೋಗ್ಲಿಂಗ್ ಅವರ ಸಂಪಾದಕತ್ವದಲ್ಲಿ. ಇದಕ್ಕೆ ಕನ್ನಡದಲ್ಲಿ ಎಷ್ಟು ಚಂದದ ಶಬ್ದ ಉಂಟು ನೋಡಿ: ಕಲ್ಲಚ್ಚು. ಕಲ್ಲು ಪ್ಲಸ್ ಅಚ್ಚು, ಲೋಪಸಂಧಿ. ಪರೀಕ್ಷೆಗೆ ಅಂತ ಉರು ಹೊಡೆದ ಸಂಧಿ ಈಗ ಉಪಯೋಗಕ್ಕೆ ಬಂತು. ಬೋಗಿ ಜೋಡಿಸುವ ಕೆಲಸ ಕನ್ನಡವೂ ಮಾಡ್ತದೆ, ನಾವು ಗಮನಿಸಿರಲಿಲ್ಲ ಅಷ್ಟೇ.

ಎಕ್ಟಮಿಯ ಒಳಗಿರುವ ಟಿ-ಓ-ಎಂ ಕೂಡ ನಮಗೆ ಹಳೇ ಪರಿಚಯ. ಅದರರ್ಥ ಕತ್ತರಿಸುವುದು. 'ಆಟಮ್' ಎಂದರೆ ಕತ್ತರಿಸಲಾಗದ್ದು, ಮುಂದಿನ ಎ ಅಕ್ಷರ ನಮ್ಮ ಅನ್ಯಾಯ, ಅಶಾಂತಿಯ 'ಅ' ಇದ್ದ ಹಾಗೆ. ಆಮೇಲೆ ಅದನ್ನೂ ಒಡೆದರು, ಹೆಸರು ಮಾತ್ರ ಉಳೀತು. ರಿಪೋರ್ಟ್‌ಗಳಲ್ಲಿ ಕೇಳ್ಲಿಕ್ಕೆ ಒಂದೇ ಥರ ಇರುವ ಮೂರು ಕೊನೆಗಳು ಕಾಣಸಿಗ್ತವೆ. ಕೊನೆಯಲ್ಲಿ 'ಎಕ್ಟಮಿ' ಇದ್ರೆ ತೆಗೆದುಹಾಕುವುದು: ಅಪೆಂಡೆಕ್ಟಮಿ, ಟಾನ್ಸಿಲೆಕ್ಟಮಿ. ಬರೀ 'ಆಟಮಿ' ಇದ್ರೆ ಕೊಯ್ದು ತೆರೆಯುವುದು: ಲ್ಯಾಪರಾಟಮಿ ಅಂದ್ರೆ ಹೊಟ್ಟೆ ತೆರೆಯುವುದು. 'ಆಸ್ಟಮಿ' ಇದ್ರೆ ಬಾಯಿಯಂಥ ದಾರಿ ಮಾಡುವುದು: ಕೊಲಾಸ್ಟಮಿಯಲ್ಲಿ ದೊಡ್ಡ ಕರುಳಿಗೆ ಹೊಟ್ಟೆಯ ಮೇಲೆ ದಾರಿ ಮಾಡ್ತಾರೆ. ಒಂದೆರಡು ಅಕ್ಷರದ ವ್ಯತ್ಯಾಸ, ಆದರೆ ರೋಗಿಗೆ ಅದೇ ಎಲ್ಲ.

ಒಂದು ಎಚ್ಚರಿಕೆ. ಅಕ್ಷರ ಒಂದೇ ಇದ್ದ ಮಾತ್ರಕ್ಕೆ ಸಂಬಂಧಿಕರು ಅಂತ ಹೇಳ್ಲಿಕ್ಕಾಗುವುದಿಲ್ಲ. ಟೊಮೆಟೊದಲ್ಲೂ ಟಿ-ಓ-ಎಂ ಉಂಟು, ಅದು ಮೆಕ್ಸಿಕೋ ಕಡೆಯ ನಹುವಾಟ್ಲ್ ಭಾಷೆಯಿಂದ ಬಂದ ಶಬ್ದ, ಕತ್ತರಿಸುವುದಕ್ಕೂ ಅದಕ್ಕೂ ಏನೂ ಇಲ್ಲ. ಆದರೆ ಕೊಲೆಸ್ಟೆರಾಲ್ ನಿಜವಾಗಿಯೂ ಕೋಲಿಯ ನೆಂಟ. ಅದು ಮೊದಲು ಸಿಕ್ಕಿದ್ದೇ ಪಿತ್ತದ ಕಲ್ಲುಗಳಲ್ಲಿ.

ಮರುದಿನ ಆಂಟಿಗೆ ಹೇಳಿದೆವು, "ಸಿಸ್ಟ್ ಅಂದ್ರೆ ಇಲ್ಲಿ ಚೀಲ, ಅದರಲ್ಲಿ ಕಲ್ಲು, ಚೀಲ ತೆಗೀತಾರೆ ಅಂತ ಬರೆದಿದ್ದಾರೆ, ಅಷ್ಟೇ." ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಚೀಲ ತೆಗೆದ್ರೆ ಮತ್ತೆ ಊಟ ಹೇಗೆ ಮಾರಾಯ?" ಅಂದ್ರು. ಅದಕ್ಕೆ ನಮ್ಮ ಡಿಕ್ಷನರಿಯಲ್ಲಿ ಉತ್ತರ ಇರಲಿಲ್ಲ. ಡಾಕ್ಟರ ಹತ್ತಿರ ಕೇಳ್ಲಿಕ್ಕೆ ಒಟ್ಟಿಗೆ ಹೋದೆವು. ಪಿತ್ತ ಆಗುವುದು ಲಿವರ್‌ನಲ್ಲಿ, ಈ ಚೀಲ ಅದನ್ನು ಕೂಡಿಡುವುದಷ್ಟೇ, ಚೀಲ ಇಲ್ಲದಿದ್ರೆ ಪಿತ್ತ ನೇರ ಕರುಳಿಗೆ ಹೋಗ್ತದೆ ಅಂತ ಅವರು ತುಳುವಿನಲ್ಲೇ ವಿವರಿಸಿದ್ರು. ಆಂಟಿ ಅಲ್ಲೇ ಆಪರೇಷನ್ನಿಗೆ ದಿನ ಕೇಳಿದ್ರು.

ಆಪರೇಷನ್ ಆಯ್ತು, ಈಗ ಆರಾಮಿದ್ದಾರೆ. ಆದರೆ ನಮಗೊಂದು ಹೊಸ ಕೆಲಸ ಬಂದಿದೆ. ಬೀದಿಯಲ್ಲಿ ಯಾರ ರಿಪೋರ್ಟ್ ಬಂದ್ರೂ ಆಂಟಿ ನಮ್ಮ ಹತ್ರ ಕಳಿಸ್ತಾರೆ. ನಾವು ಶಬ್ದ ತುಂಡು ಮಾಡಿ ಕನ್ನಡದಲ್ಲೋ ತುಳುವಿನಲ್ಲೋ ಹೇಳ್ತೇವೆ, ಉಳಿದದ್ದು ಡಾಕ್ಟರ ಹತ್ರ ಕೇಳಿ ಅಂತೇವೆ.

ಹಾಂ, ಆ 45 ಅಕ್ಷರದ ಶಬ್ದ! ಶ್ವಾಸಕೋಶಕ್ಕೆ ಅತಿಸೂಕ್ಷ್ಮ ಸಿಲಿಕಾ ಧೂಳು ಹೋಗಿ ಆಗುವ ಕಾಯಿಲೆ. ಉದ್ದ ಶಬ್ದ ಬೇಕು ಅಂತಲೇ 1935ರಲ್ಲಿ ಅಮೆರಿಕದ ಪದಬಂಧ ಪ್ರಿಯರ ಸಂಘವೊಂದರಲ್ಲಿ ಕಟ್ಟಿದ್ದಂತೆ. ಡಾಕ್ಟರುಗಳು ಸುಮ್ಮನೆ ಸಿಲಿಕೋಸಿಸ್ ಅಂತಾರೆ.