ಜಾರದ ಡಿಸ್ಕು, ಜಗ್ಗುವ ಕಾಲು

ಬೆಳಗ್ಗೆ ಎದ್ದು ಹಲ್ಲುಜ್ಜಲು ಬಾಗಿದಾಗಲೋ ತುಂಬಿದ ಬಿಂದಿಗೆ ಎತ್ತಿದಾಗಲೋ ಸೊಂಟದಲ್ಲಿ ಚಳಕ್ಕೆನ್ನುತ್ತದೆ. ‘ಸೊಂಟ ಹಿಡ್ಕೊಂಡಿದೆ, ಎರಡು ದಿನದಲ್ಲಿ ಬಿಡುತ್ತೆ’ ಅಂದುಕೊಳ್ಳುತ್ತೇವೆ. ಬಹಳ ಸಲ ಬಿಡುತ್ತದೆ ಕೂಡ. ಕೆಲವರಲ್ಲಿ ಮಾತ್ರ ನೋವು ಸೊಂಟದಲ್ಲೇ ನಿಲ್ಲದೆ ಪಿರ್ರೆಗೆ, ತೊಡೆಯ ಹಿಂಬದಿಗೆ, ಮೀನಖಂಡಕ್ಕೆ, ಕೊನೆಗೆ ಪಾದಕ್ಕೂ ಇಳಿಯುತ್ತದೆ. ಕೆಮ್ಮಿದರೆ, ಸೀನಿದರೆ ಕರೆಂಟು ಹೊಡೆದ ಹಾಗೆ.

ಆಗ ಸಲಹೆಗಳಿಗೆ ಬರವಿಲ್ಲ. ಎಣ್ಣೆ ತಿಕ್ಕಿಸು ಎನ್ನುವವರೊಬ್ಬರು, ಉಳುಕು ತೆಗೆಸು ಎನ್ನುವವರು ಇನ್ನೊಬ್ಬರು. ಕಾಲು ಮುಂದಾಗಿ ಹುಟ್ಟಿದವರಿಂದ ಬೆನ್ನಿಗೆ ಒದೆಸಿಕೋ ಎನ್ನುವ ಹಿರಿಯರೂ ಉಂಟು. ಇಷ್ಟರಲ್ಲಿ ಪಕ್ಕದ ಮನೆಯವರು ಬಂದು, ‘ಡಿಸ್ಕ್ ಸ್ಲಿಪ್ ಆಗಿರ್ಬೇಕು. ಆಪರೇಷನ್ ಮಾತ್ರ ಬೇಡ, ಕಾಲು ಹೋಗುತ್ತೆ’ ಎಂದು ಹೆದರಿಸಿ ಹೋಗುತ್ತಾರೆ. ಇಷ್ಟು ಮಾತುಗಳ ನಡುವೆ ಯಾವ ದಾರಿ ಹಿಡಿಯಬೇಕು?

ಕಡುಬು ಮತ್ತು ಹೂರಣ

ನಮ್ಮ ಬೆನ್ನಿನ ಕಂಬದಲ್ಲಿ ಬಾಗಿ ಬಳುಕುವ ಮೂಳೆಗಳು 24: ಕತ್ತಿನಲ್ಲಿ 7, ಎದೆಯ ಹಿಂದೆ 12, ಸೊಂಟದಲ್ಲಿ 5. ಇವುಗಳ ಸಂದಿನಲ್ಲಿ ಮೆತ್ತೆಗಳಂತೆ 23 ಡಿಸ್ಕುಗಳಿವೆ. ಡಿಸ್ಕಿನ ಹೊರಗೆ ಈರುಳ್ಳಿಯಂತೆ ಪದರ ಪದರವಾದ ಗಟ್ಟಿ ನಾರಿನ ಉಂಗುರ, ಒಳಗೆ ನೀರು ಹಿಡಿದಿಟ್ಟುಕೊಂಡ ಲೋಳೆಯಂಥ ತಿರುಳು. ರಾತ್ರಿ ಮಲಗಿದಾಗ ಈ ತಿರುಳು ನೀರು ಹೀರಿ ಉಬ್ಬುತ್ತದೆ. ಬೆಳಗ್ಗೆ ನಮ್ಮ ಎತ್ತರ ಸುಮಾರು ಒಂದು ಸೆಂಟಿಮೀಟರ್ ಹೆಚ್ಚಿರುವುದು ಇದರಿಂದಲೇ. ಎದ್ದ ಕೂಡಲೇ ಬಾಗಿ ಭಾರ ಎತ್ತಬೇಡಿ ಎನ್ನುವುದಕ್ಕೂ ಇದೇ ಕಾರಣ.

ಕಡುಬಿನ ಒಂದು ಅಂಚು ಒತ್ತಿದರೆ ಇನ್ನೊಂದು ಅಂಚು ಬಿರಿದು ಹೂರಣ ಹೊರಬರುತ್ತದಲ್ಲ, ಡಿಸ್ಕಿನಲ್ಲೂ ಹಾಗೇ ಆಗುತ್ತದೆ. ವಯಸ್ಸಾದಂತೆ, ದುಡಿದಂತೆ ಹೊರಗಿನ ಉಂಗುರದಲ್ಲಿ ಬಿರುಕು ಬೀಳುತ್ತದೆ. ಒಂದು ದಿನ ಒಳಗಿನ ತಿರುಳು ಆ ಬಿರುಕಿನಿಂದ ಹೊರಚಾಚಿ ಪಕ್ಕದಲ್ಲೇ ಹಾದುಹೋಗುವ ನರದ ಬೇರಿಗೆ ತಾಗುತ್ತದೆ. ಸೊಂಟದಲ್ಲಿ ಹೀಗಾಗುವ ಡಿಸ್ಕುಗಳಲ್ಲಿ ಹತ್ತಕ್ಕೆ ಒಂಬತ್ತಕ್ಕಿಂತ ಹೆಚ್ಚು ಕೊನೆಯ ಎರಡೇ. ವರದಿಯಲ್ಲಿ ಎಲ್4-ಎಲ್5, ಎಲ್5-ಎಸ್1 ಎಂದು ಬರೆದಿರುವುದು ಇವನ್ನೇ. ಅಲ್ಲಿ ಹೊರಡುವ ನರಗಳು ಕಾಲಿಗೆ ಹೋಗುವುದರಿಂದ ಪೆಟ್ಟು ಬಿದ್ದದ್ದು ಸೊಂಟಕ್ಕಾದರೂ ಜಗ್ಗುವುದು ಕಾಲು. ಇದೇ ಸಯಾಟಿಕಾ. ಆಯುರ್ವೇದ ಇದನ್ನು ಗೃಧ್ರಸಿ ಎಂದು ಕರೆಯಿತು. ಗೃಧ್ರ ಎಂದರೆ ಹದ್ದು. ನೋವಿನವರು ಕಾಲೆಳೆದು ಹಾಕುವ ಹೆಜ್ಜೆ ಹದ್ದಿನ ನಡಿಗೆಯಂತೆ ಕಂಡಿತ್ತು.

ನೋವಿಗೂ ಡಿಸ್ಕಿಗೂ ಇರುವ ನಂಟು ಆಧುನಿಕ ವೈದ್ಯರಿಗೆ ಗಟ್ಟಿಯಾಗಿ ಗೊತ್ತಾದದ್ದು 1934ರಲ್ಲಿ, ಬಾಸ್ಟನ್ನಿನ ವಿಲಿಯಂ ಮಿಕ್ಸ್ಟರ್ ಮತ್ತು ಜೋಸೆಫ್ ಬಾರ್ ಬರೆದ ಲೇಖನದಿಂದ. ಅದಕ್ಕೆ ಮೊದಲು ಬೆನ್ನು ತೆರೆದಾಗ ಸಿಗುತ್ತಿದ್ದ ಈ ತುಣುಕುಗಳನ್ನು ಮೃದ್ವಸ್ಥಿಯ ಗಡ್ಡೆ ಎಂದೇ ತಿಳಿದಿದ್ದರು.

‘ಸ್ಲಿಪ್’ ಎಂಬ ಮಾತೇ ಇಲ್ಲಿ ದಾರಿ ತಪ್ಪಿಸುತ್ತದೆ. ಡಿಸ್ಕು ಮೇಲಿನ ಮತ್ತು ಕೆಳಗಿನ ಮೂಳೆಗಳಿಗೆ ಬಿಗಿಯಾಗಿ ಅಂಟಿಕೊಂಡಿರುತ್ತದೆ. ಒದ್ದೆ ಸೋಪಿನ ಹಾಗೆ ಜಾರುವುದಿಲ್ಲ. ಜಾರದ್ದನ್ನು ಒದ್ದು, ತಿರುವಿ ಮತ್ತೆ ‘ಕೂರಿಸಲು’ ಆಗುವುದೂ ಇಲ್ಲ. ಬೆಚ್ಚನೆಯ ಎಣ್ಣೆ, ಶಾಖ ಸ್ನಾಯುಗಳಿಗೆ ಹಿತ ಕೊಡಬಹುದು. ನರ ಒತ್ತಿಕೊಂಡಿರುವ ಬೆನ್ನಿಗೆ ಒದೆತ ಕೊಡಿಸುವುದು ಮಾತ್ರ ಅಪಾಯ.

ಕವರಿನೊಳಗಿನ ಚಿತ್ರ

ಒಬ್ಬ ಬಸ್ ಚಾಲಕರನ್ನು ಊಹಿಸಿಕೊಳ್ಳಿ. ವಯಸ್ಸು ನಲವತ್ತೆರಡು, ಎಡಗಾಲಿನಲ್ಲಿ ಮೂರು ವಾರದಿಂದ ಸೆಳೆತ. ಕಂಕುಳಲ್ಲಿ ಎಂಆರ್‌ಐ ಕವರು. ವೈದ್ಯರು ಅದನ್ನು ತೆರೆಯದೆ ಮೇಜಿನ ಮೇಲಿಡುತ್ತಾರೆ.

‘ಹಿಮ್ಮಡಿ ಮೇಲೆ ನಾಲ್ಕು ಹೆಜ್ಜೆ ಹಾಕಿ. ಈಗ ತುದಿಗಾಲಲ್ಲಿ ನಡೀರಿ. ಸರಿ, ಮಲ್ಕೊಳ್ಳಿ. ಮಂಡಿ ಮಡಚ್ಬೇಡಿ, ನಾನೇ ಕಾಲೆತ್ತುತ್ತೀನಿ. ಎಲ್ಲಿ ನೋವು ಬರುತ್ತೆ ಹೇಳಿ.’

‘ಅಯ್ಯೋ, ಅಷ್ಟೇ ಸಾರ್! ಮೀನಖಂಡದವರೆಗೂ ಎಳೀತಾ ಇದೆ.’

ಎರಡು ನಿಮಿಷದ ಈ ಪರೀಕ್ಷೆ ಬಹಳ ಹೇಳುತ್ತದೆ. ಹಿಮ್ಮಡಿಯ ಮೇಲೆ ನಡೆಯಲು, ಹೆಬ್ಬೆರಳು ಮೇಲೆತ್ತಲು ಕಷ್ಟವಾದರೆ ಐದನೆಯ ಸೊಂಟದ ನರದ ಮೇಲೆ ಅನುಮಾನ. ತುದಿಗಾಲಲ್ಲಿ ನಿಲ್ಲಲಾಗದಿದ್ದರೆ ಅದರ ಕೆಳಗಿನದರ ಮೇಲೆ. ನೀಳವಾಗಿ ಎತ್ತಿದ ಕಾಲಿನಲ್ಲಿ ಮಂಡಿಯ ಕೆಳಗೂ ನೋವು ಹರಿದರೆ ನರದ ಬೇರು ಕೆರಳಿದೆ ಎಂದು ಅರ್ಥ. ಇದಾದ ಮೇಲೆಯೇ ಕವರು ತೆರೆಯಬೇಕು.

ಯಾಕೆಂದರೆ ಚಿತ್ರದಲ್ಲಿ ಕಂಡದ್ದೆಲ್ಲ ರೋಗವಲ್ಲ. 1994ರಲ್ಲಿ ಅಮೆರಿಕದ ಸಂಶೋಧಕರು ಬೆನ್ನುನೋವೇ ಇಲ್ಲದ 98 ಜನರ ಎಂಆರ್‌ಐ ಮಾಡಿ ನೋಡಿದರು. ಅರ್ಧಕ್ಕಿಂತ ಹೆಚ್ಚು ಜನರಲ್ಲಿ ಕನಿಷ್ಠ ಒಂದು ಡಿಸ್ಕು ಉಬ್ಬಿತ್ತು. ನಾಲ್ವರಲ್ಲಿ ಒಬ್ಬರಿಗಿಂತ ಹೆಚ್ಚು ಜನರಲ್ಲಿ ಹೊರಚಾಚಿಯೂ ಇತ್ತು. 2015ರಲ್ಲಿ ಇಂಥ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದಾಗ, ನೋವಿಲ್ಲದ ಇಪ್ಪತ್ತರ ಹರೆಯದವರಲ್ಲೇ ಶೇ. 30ರಷ್ಟು ಮಂದಿಗೆ ಡಿಸ್ಕ್ ಬಲ್ಜ್ ಕಂಡಿತು. ತಲೆಗೂದಲು ನರೆಯುವ ಹಾಗೆ ಡಿಸ್ಕೂ ನರೆಯುತ್ತದೆ. ಚಿತ್ರದಲ್ಲಿನ ಉಬ್ಬು, ಕಾಲಿನ ನೋವಿನ ಜಾಗ, ಪರೀಕ್ಷೆಯಲ್ಲಿ ಸಿಕ್ಕ ನರ ಮೂರೂ ಒಂದೇ ಕಥೆ ಹೇಳಿದಾಗ ಮಾತ್ರ ಆ ಡಿಸ್ಕು ತಪ್ಪಿತಸ್ಥ. ಚಿಕಿತ್ಸೆ ಮಾಡಬೇಕಾದದ್ದು ಕಾಲಿಗೆ, ಚಿತ್ರಕ್ಕಲ್ಲ.

ಕಾಯುವುದೂ ಚಿಕಿತ್ಸೆ

ಹೊರಬಂದ ತಿರುಳು ಎಂದೆಂದಿಗೂ ಅಲ್ಲೇ ಕೂತಿರುತ್ತದೆ ಎಂಬುದು ಹಲವರ ಭಯ. ನಿಜಸ್ಥಿತಿ ಬೇರೆ. ಡಿಸ್ಕಿನ ತಿರುಳಿಗೆ ರಕ್ತದ ಸಂಪರ್ಕ ಇರುವುದಿಲ್ಲ. ಅದು ಹೊರಗೆ ಬಂದಾಗ ದೇಹದ ಕಾವಲು ಕೋಶಗಳಿಗೆ ಹೊರಗಿನವರು ನುಗ್ಗಿದಂತೆ ಕಾಣುತ್ತದೆ, ಅವು ಮುತ್ತಿಕೊಂಡು ಕರಗಿಸುತ್ತವೆ. ಸೋಜಿಗವೆಂದರೆ, ಪೂರ್ತಿ ಹೊರಬಿದ್ದ ದೊಡ್ಡ ತುಣುಕು ಬೇಗ ಕರಗುತ್ತದೆ, ಉಂಗುರದೊಳಗೇ ಇರುವ ಸಣ್ಣ ಉಬ್ಬು ಹಾಗೇ ಉಳಿಯುತ್ತದೆ. ವರದಿಯಲ್ಲಿ ‘ಎಕ್ಸ್‌ಟ್ರೂಷನ್’, ‘ಸೀಕ್ವೆಸ್ಟ್ರೇಷನ್’ ಎಂಬ ದೊಡ್ಡ ಪದ ಕಂಡು ಎದೆ ಒಡೆದುಕೊಳ್ಳಬೇಕಿಲ್ಲ.

ಹಾಗಾಗಿ ತುರ್ತಿನ ಲಕ್ಷಣಗಳಿಲ್ಲದಿದ್ದರೆ ಮೊದಲ ಆರರಿಂದ ಹನ್ನೆರಡು ವಾರ ದೇಹಕ್ಕೆ ಬಿಡಬೇಕು. ಬಿಡುವುದೆಂದರೆ ಹಾಸಿಗೆ ಹಿಡಿಯುವುದಲ್ಲ. 1999ರಲ್ಲಿ ನೆದರ್ಲೆಂಡ್ಸ್‌ನಲ್ಲಿ ಸಯಾಟಿಕಾ ಇದ್ದ 183 ಜನರಲ್ಲಿ ಅರ್ಧದಷ್ಟು ಮಂದಿಯನ್ನು ಎರಡು ವಾರ ಮಲಗಿಸಿದರು, ಉಳಿದವರನ್ನು ಓಡಾಡಲು ಬಿಟ್ಟರು. ಹನ್ನೆರಡು ವಾರದ ಹೊತ್ತಿಗೆ ಎರಡೂ ಗುಂಪಿನಲ್ಲಿ ನೂರಕ್ಕೆ 87 ಜನ ಸುಧಾರಿಸಿದ್ದರು. ಮಲಗಿದ್ದರಿಂದ ಹೆಚ್ಚೇನೂ ಸಿಗಲಿಲ್ಲ.

ನೋವು ಜೋರಿರುವ ಒಂದೆರಡು ದಿನ ಮಲಗಿ. ಮಗ್ಗುಲಾಗಿ, ಮಂಡಿಗಳ ನಡುವೆ ದಿಂಬಿಟ್ಟುಕೊಂಡರೆ ಹಾಯೆನಿಸುತ್ತದೆ. ಬರಿ ಹಲಗೆಯೇ ಬೇಕೆಂದಿಲ್ಲ, ಮಧ್ಯಮ ಗಟ್ಟಿಯ ಹಾಸಿಗೆ ಸಾಕು. ಆಮೇಲೆ ಅಂಗಳದಲ್ಲಿ ಐದು ನಿಮಿಷ, ನಾಳೆ ಹತ್ತು ನಿಮಿಷ ನಡೆಯಿರಿ. ಕೆಲ ವಾರ ಕುಕ್ಕರಗಾಲು, ನೆಲದ ಮೇಲಿನ ಊಟ, ಬಾಗಿ ನೆಲ ಒರೆಸುವುದು ಬೇಡ. ನೋವು ತಗ್ಗಿದಂತೆ ಫಿಸಿಯೋಥೆರಪಿಸ್ಟ್ ಕಲಿಸಿದ ವ್ಯಾಯಾಮ ಶುರುಮಾಡಿ. ಸೊಂಟದ ಬೆಲ್ಟು, ತೂಕ ಕಟ್ಟಿ ಎಳೆಯುವ ಟ್ರ್ಯಾಕ್ಷನ್ ಇವನ್ನು ಬ್ರಿಟನ್ನಿನ ಅಧಿಕೃತ ಮಾರ್ಗಸೂಚಿ 2016ರಿಂದ ಬೇಡವೆಂದೇ ಹೇಳುತ್ತಿದೆ.

ನೋವಿನ ಮಾತ್ರೆ ನಾಲ್ಕು ದಿನಕ್ಕೆ ಸರಿ. ಸಕ್ಕರೆ ಕಾಯಿಲೆ, ಬಿಪಿ, ಮೂತ್ರಪಿಂಡದ ತೊಂದರೆ, ಹೊಟ್ಟೆಹುಣ್ಣು ಇರುವವರು ಮೆಡಿಕಲ್ ಶಾಪಿನಿಂದ ತಾವೇ ಕೊಂಡು ನುಂಗಬಾರದು. ಹೆಸರಿಲ್ಲದ ಪುಡಿ, ಗುಳಿಗೆಗಳಂತೂ ಬೇಡವೇ ಬೇಡ. ಅವುಗಳಲ್ಲಿ ಸ್ಟೆರಾಯ್ಡ್ ಬೆರೆತಿರುವುದುಂಟು. ಬೆನ್ನಿಗೆ ಕೊಡುವ ಸ್ಟೆರಾಯ್ಡ್ ಇಂಜೆಕ್ಷನ್ ತಡೆಯಲಾರದ ಕಾಲುನೋವನ್ನು ಕೆಲ ವಾರ ತಗ್ಗಿಸಬಹುದು. ದೇಹ ತನ್ನ ಕೆಲಸ ಮುಗಿಸುವವರೆಗಿನ ಊರುಗೋಲು ಅದು, ಅಷ್ಟೇ.

ಆಪರೇಷನ್ ಯಾರಿಗೆ?

ಆರೆಂಟು ವಾರವಾದರೂ ಕಾಲುನೋವು ನಿದ್ದೆ, ದುಡಿಮೆ ಎರಡನ್ನೂ ಕಿತ್ತುಕೊಂಡಿದ್ದು, ಚಿತ್ರವೂ ಪರೀಕ್ಷೆಯೂ ತಾಳೆಯಾಗುತ್ತಿದ್ದರೆ ಶಸ್ತ್ರಚಿಕಿತ್ಸೆ ಒಳ್ಳೆಯ ಆಯ್ಕೆಯೇ. 2007ರಲ್ಲಿ ಪ್ರಕಟವಾದ ಡಚ್ ಅಧ್ಯಯನವೊಂದರಲ್ಲಿ ಇಂಥ 283 ರೋಗಿಗಳನ್ನು ಎರಡು ಗುಂಪು ಮಾಡಿದ್ದರು. ಬೇಗ ಆಪರೇಷನ್ ಎಂದು ನಿಗದಿಯಾದವರಲ್ಲಿ ಅರ್ಧದಷ್ಟು ಮಂದಿ ನಾಲ್ಕು ವಾರದಲ್ಲಿ ಚೇತರಿಸಿಕೊಂಡರು. ಕಾಯ್ದ ಗುಂಪಿಗೆ ಹನ್ನೆರಡು ವಾರ ಹಿಡಿಯಿತು. ಕಾಯ್ದವರಲ್ಲಿ ನೂರಕ್ಕೆ 39 ಮಂದಿ ಕೊನೆಗೆ ಆಪರೇಷನ್ನಿಗೇ ಹೋದರು. ವರ್ಷ ತುಂಬುವಾಗ ಎರಡೂ ಕಡೆ ನೂರಕ್ಕೆ 95 ಜನ ಚೇತರಿಸಿಕೊಂಡಿದ್ದರು. ಅಂದರೆ ಆಪರೇಷನ್ ಹೆಚ್ಚಿನವರಿಗೆ ಕೊಡುವುದು ಬೇಗ ಸಿಗುವ ಬಿಡುಗಡೆ. ದಿನಗೂಲಿಯವರಿಗೆ ಎಂಟು ವಾರ ಮುಂಚೆ ಚೇತರಿಸಿಕೊಳ್ಳುವುದೇ ದೊಡ್ಡದಿರಬಹುದು. ರಜೆ ಇರುವವರು ಕಾಯಬಹುದು. ಇಲ್ಲಿ ತೀರ್ಮಾನ ರೋಗಿಯದು.

ಇಂದು ಸಾಮಾನ್ಯವಾಗಿ ಮಾಡುವುದು ಮೈಕ್ರೋಡಿಸೆಕ್ಟಮಿ. ಎರಡು ಮೂರು ಸೆಂಟಿಮೀಟರ್ ಗಾಯದೊಳಗಿಂದ, ಸೂಕ್ಷ್ಮದರ್ಶಕದ ನೆರವಿನಿಂದ, ನರ ಒತ್ತುತ್ತಿರುವ ತುಣುಕನ್ನಷ್ಟೇ ತೆಗೆಯುತ್ತಾರೆ. ‘ಕಾಲು ಹೋಗುತ್ತೆ’ ಎಂಬ ಭಯಕ್ಕೆ ಶರೀರ ರಚನೆಯೇ ಉತ್ತರ ಕೊಡುತ್ತದೆ: ಬೆನ್ನುಹುರಿ ಸೊಂಟದ ಮೊದಲೆರಡು ಮೂಳೆಗಳ ಹತ್ತಿರವೇ ಮುಗಿಯುತ್ತದೆ. ಕೊನೆಯ ಎರಡು ಡಿಸ್ಕುಗಳ ಬಳಿ ಇರುವುದು ಬಿಡಿಬಿಡಿ ನರಗಳು. ಸೋಂಕು, ನರದ ಪೊರೆ ಹರಿಯುವುದು, ನರಕ್ಕೆ ಪೆಟ್ಟು ಇಂಥ ಅಪಾಯಗಳಿವೆ, ಆದರೆ ಅವು ಕಡಿಮೆ. ಇನ್ನೆರಡು ಮಾತು ಮೊದಲೇ ತಿಳಿದಿರಲಿ: ಆಪರೇಷನ್ ಕಾಲುನೋವಿಗೆ ಕೆಲಸ ಮಾಡುವಷ್ಟು ಬರಿ ಸೊಂಟನೋವಿಗೆ ಮಾಡುವುದಿಲ್ಲ, ಕೆಲವರಲ್ಲಿ ಅದೇ ಡಿಸ್ಕಿನಿಂದ ತಿರುಳು ಮತ್ತೆ ಹೊರಬರುತ್ತದೆ. ಮೊದಲ ಸಲ ಡಿಸ್ಕು ಚಾಚಿದವರಿಗೆ ಸ್ಕ್ರೂ, ರಾಡ್ ಸಾಮಾನ್ಯವಾಗಿ ಬೇಕಿಲ್ಲ. ಬೇಕೆಂದರೆ ಯಾಕೆಂದು ಕೇಳಿ, ಇನ್ನೊಬ್ಬ ತಜ್ಞರ ಅಭಿಪ್ರಾಯವನ್ನೂ ಪಡೆಯಿರಿ.

ಕಾಯಲೇಬಾರದ ಹೊತ್ತು

ಮೂತ್ರ ಕಟ್ಟಿದರೆ ಅಥವಾ ಅರಿವಿಲ್ಲದೆ ಹೋದರೆ, ಮಲದ ಮೇಲೆ ಹಿಡಿತ ತಪ್ಪಿದರೆ, ಸೈಕಲ್ ಸೀಟಿಗೆ ತಾಗುವಷ್ಟು ಜಾಗ ಜೋಮು ಹಿಡಿದರೆ, ಎರಡೂ ಕಾಲು ಸೋಲತೊಡಗಿದರೆ ಅದೇ ರಾತ್ರಿ ದೊಡ್ಡ ಆಸ್ಪತ್ರೆಗೆ ಹೊರಡಿ. ನರಗಳ ಗೊಂಚಲೇ ನಲುಗುತ್ತಿದೆ. ಇಲ್ಲಿ ಲೆಕ್ಕ ವಾರಗಳದ್ದಲ್ಲ, ಗಂಟೆಗಳದ್ದು. ಪಾದ ಎತ್ತಲಾಗದೆ ಚಪ್ಪಲಿ ಕಳಚಿ ಬೀಳುತ್ತಿದ್ದರೂ ಮರುದಿನವೇ ವೈದ್ಯರನ್ನು ಕಾಣಿ.

ಬೆನ್ನುನೋವಿನ ಜೊತೆ ಸಂಜೆ ಜ್ವರ, ತೂಕ ಇಳಿಕೆ, ಮಲಗಿದರೂ ಬಿಡದ ರಾತ್ರಿ ನೋವು ಇದ್ದರೆ ಅದು ಡಿಸ್ಕಿನದ್ದು ಎಂದು ಸುಮ್ಮನಿರಬೇಡಿ. ನಮ್ಮ ದೇಶದಲ್ಲಿ ಬೆನ್ನುಮೂಳೆಯ ಕ್ಷಯ ಅಪರೂಪವಲ್ಲ. ಹಿಂದೆ ಕ್ಯಾನ್ಸರ್ ಆಗಿದ್ದವರು, ಬಿದ್ದು ಪೆಟ್ಟು ಮಾಡಿಕೊಂಡ ಹಿರಿಯರು ಕೂಡ ಬೇಗ ತೋರಿಸಿಕೊಳ್ಳಬೇಕು.

ಮುಂದಿನ ಸಲ ವೈದ್ಯರ ಬಳಿ ಹೋದಾಗ ನಾಲ್ಕು ಪ್ರಶ್ನೆ ಕೇಳಿ: ನನ್ನ ಕಾಲಿನ ನೋವಿಗೂ ಈ ಡಿಸ್ಕಿಗೂ ತಾಳೆಯಾಗುತ್ತದೆಯೇ? ಕಾಲಿನ ಶಕ್ತಿ ಕುಂದಿದೆಯೇ? ಇನ್ನೂ ಆರು ವಾರ ಕಾಯ್ದರೆ ಏನು ಕಳೆದುಕೊಳ್ಳುತ್ತೇನೆ? ಈಗಲೇ ಆಪರೇಷನ್ ಮಾಡಿಸಿದರೆ ಏನು ಸಿಗುತ್ತದೆ? ಉತ್ತರಗಳನ್ನು ಬರೆದುಕೊಂಡು ಮನೆಗೆ ಬಂದು, ತೀರ್ಮಾನ ನೀವೇ ಮಾಡಿ.