ಜ್ವರದ ವಿಳಾಸ



ಜುಮಾ ಮುಗಿದ ಮೇಲೆ ಭೀಮನಬೀಡಿನ ಹಿರಿಯರೊಬ್ಬರು ನಮ್ಮನ್ನು ನಿಲ್ಲಿಸಿದರು. "ಹಜ್ರತ್, ಮಗ ಬೆಂಗಳೂರಿಂದ ಜ್ವರದಲ್ಲಿ ಬಂದ. ಡೆಂಗಿ ಅಂದ್ರು. ಎರಡು ವಾರದಿಂದ ಎಲ್ಲಿದ್ದ, ಎಲ್ಲಿ ಕೆಲಸ ಅಂತ ಆಶಾ ಅಮ್ಮ ಕೇಳ್ತಾರೆ. ಅದೆಲ್ಲ ಯಾಕೆ?" ಮಾತಿನಲ್ಲಿ ಅಂಜಿಕೆಯಿತ್ತು. ಕೋವಿಡ್ ಕಾಲದಲ್ಲಿ ಬೀದಿಗಳಿಗೆ ತಗಡು ಹೊಡೆದದ್ದನ್ನು ಯಾರೂ ಮರೆತಿಲ್ಲ. ಆದರೂ ಇದ್ದದ್ದನ್ನು ಇದ್ದಂತೆ ಹೇಳಿ ಎಂದೆವು.

ಪಿಡುಗು ಇರುವ ಊರಿಗೆ ಹೋಗಬಾರದು, ಇರುವ ಊರಿನಲ್ಲಿ ಪಿಡುಗು ಬಂದರೆ ಅಲ್ಲಿಂದ ಓಡಬಾರದು ಎಂದು ಪ್ರವಾದಿ(ಸ)ರು ಕಲಿಸಿದ್ದಾರೆ. ರೋಗಕ್ಕೂ ಜಾಗಕ್ಕೂ ನಂಟಿದೆ ಎಂಬುದು ನಮಗೆ ಹೊಸ ಮಾತಲ್ಲ. ಆ ನಂಟನ್ನು ನಕ್ಷೆಯಲ್ಲಿ ತೋರಿಸಿ ಹೆಸರಾದವರು ಲಂಡನ್ನಿನ ವೈದ್ಯ ಜಾನ್ ಸ್ನೋ. 1854ರಲ್ಲಿ ಕಾಲರಾದಿಂದ ಸತ್ತವರ ಮನೆಗಳನ್ನು ಗುರುತು ಮಾಡಿದಾಗ ಗುರುತುಗಳು ಬ್ರಾಡ್ ಸ್ಟ್ರೀಟ್‌ನ ಕೈಪಂಪಿನ ಸುತ್ತ ಗುಂಪುಗೂಡಿದ್ದವು. ಆದರೆ ಬಲು ದೂರದ ಹ್ಯಾಂಪ್‌ಸ್ಟೆಡ್‌ನಲ್ಲೂ ಒಬ್ಬ ವಿಧವೆ ಸತ್ತಿದ್ದರು. ವಿಚಾರಿಸಿದರೆ, ರುಚಿ ಹಿಡಿಸಿತೆಂದು ಆಕೆ ಅದೇ ಪಂಪಿನ ನೀರನ್ನು ತರಿಸಿಕೊಂಡು ಕುಡಿಯುತ್ತಿದ್ದರು! ಸಾವು ಒಂದು ಕಡೆ, ರೋಗ ಹತ್ತಿದ್ದು ಇನ್ನೊಂದು ಕಡೆ.

ನಮ್ಮ ಹುಡುಗರ ಕಥೆಯೂ ಇದೇ. ಡೆಂಗಿ ಸೊಳ್ಳೆ ಹಗಲಲ್ಲಿ ಕಚ್ಚುತ್ತದೆ, ಕೆಲಸದ ಜಾಗದಲ್ಲೂ ಕಚ್ಚುತ್ತದೆ. ಜ್ವರ ಕಾಣುವುದು 4ರಿಂದ 10 ದಿನಗಳ ನಂತರ. ಅಷ್ಟರಲ್ಲಿ ಹುಡುಗ ಬಸ್ಸು ಹತ್ತಿ ಊರಿಗೆ ಬಂದಿರುತ್ತಾನೆ. ಗುಂಡ್ಲುಪೇಟೆಯಲ್ಲಿ ರಕ್ತಪರೀಕ್ಷೆ, ಆಧಾರ್‌ನಲ್ಲಿ ಊರಿನ ವಿಳಾಸ. ಚುಕ್ಕೆ ಬೀಳುವುದು ಭೀಮನಬೀಡಿನ ಮೇಲೆ. ಆ ಸೊಳ್ಳೆ ಹೆಚ್ಚು ದೂರ ಹಾರುವುದಿಲ್ಲ, ಕೆಲವು ನೂರು ಮೀಟರ್ ಅಷ್ಟೇ. ಅದು ಬೆಂಗಳೂರಿನ ಆ ಗಲ್ಲಿಯಲ್ಲೇ ಉಳಿದು ಅವನ ಜೊತೆಗಾರರನ್ನು ಕಚ್ಚುತ್ತಿರುತ್ತದೆ.

ಚುಕ್ಕೆ ಎಣಿಸಿದರೆ ಸಾಲದೇ ಎನ್ನಬಹುದು. ಸಾಲದು. ಜನ ಹೆಚ್ಚಿರುವ ವಾರ್ಡಿನಲ್ಲಿ ಚುಕ್ಕೆಯೂ ಹೆಚ್ಚು, ಆದ್ದರಿಂದ ಜನಸಂಖ್ಯೆಗೆ ಹೋಲಿಸಿ ನೋಡಬೇಕು. ಇನ್ನೊಂದು ತೊಡಕು: ಒಂದು ಹಿಡಿ ಹುರುಳಿಯನ್ನು ಅಂಗಳಕ್ಕೆ ಎರಚಿ ನೋಡಿ, ಸಮನಾಗಿ ಬೀಳುವುದಿಲ್ಲ, ಎಲ್ಲೋ ನಾಲ್ಕು ಕಾಳು ತಾವಾಗಿಯೇ ಒಟ್ಟಿಗಿರುತ್ತವೆ. ಜ್ವರದ ಗುಂಪೂ ಹಾಗೆ ಆಕಸ್ಮಿಕವಾಗಿರಬಹುದು. ಅದಕ್ಕೇ ತಜ್ಞರು ಕಂಪ್ಯೂಟರಿನಲ್ಲಿ ಕಾಳನ್ನು ಸಾವಿರ ಸಲ ಎರಚಿಸುತ್ತಾರೆ. ಅಷ್ಟು ದಟ್ಟವಾದ ಗುಂಪು ಆ ಎರಚಾಟದಲ್ಲಿ ಅಪರೂಪಕ್ಕೂ ಸಿಗದಿದ್ದರೆ, ಅಲ್ಲಿ ನಿಜವಾಗಿ ಏನೋ ಇದೆ ಎಂದು ಲಾರ್ವಾ ಹುಡುಕಲು ಜನ ಕಳಿಸುತ್ತಾರೆ. ಲೆಕ್ಕ ಎಷ್ಟೇ ಜಾಣತನದ್ದಾದರೂ ಸುಳ್ಳು ವಿಳಾಸವನ್ನು ಅದು ತಿದ್ದಲಾರದು.

2024ರಲ್ಲಿ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಹುಟ್ಟಲು ಬಿಟ್ಟ ಮನೆಗೆ ನಗರದಲ್ಲಿ 400, ಹಳ್ಳಿಯಲ್ಲಿ 200 ರೂಪಾಯಿ ದಂಡ ಗೊತ್ತುಮಾಡಿತು. ದಂಡವಿರುವುದು ನಿಂತ ನೀರಿಗೆ, ಜ್ವರ ಬಂದವರಿಗಲ್ಲ.

ಹಿರಿಯರು ಮಗನ ಗ್ಯಾರೇಜು ಇರುವ ಬೀದಿಯ ಹೆಸರನ್ನು ಬರೆಸಿದರು. ಜ್ವರ ಇರುವಷ್ಟು ದಿನ ಅವನನ್ನು ಹಗಲೂ ಸೊಳ್ಳೆಪರದೆಯೊಳಗೇ ಮಲಗಿಸಿ ಎಂದೆವು. ಅವನನ್ನು ಕಚ್ಚಿದ ಊರಿನ ಸೊಳ್ಳೆ ಇಲ್ಲಿ ಇನ್ನೊಬ್ಬರಿಗೆ ರೋಗ ಹಚ್ಚಬಹುದು. ಮಸೀದಿಯ ವುಝೂ ತೊಟ್ಟಿಯನ್ನು ಇನ್ನು ಪ್ರತಿ ಗುರುವಾರ ಬರಿದು ಮಾಡಿ ಉಜ್ಜಿ ತೊಳೆಯುತ್ತೇವೆ.